ಆಯಿಯ ದನಿಗೆ ಕರೆಂಟು

ಕಾಕಾನ ಜೀಪು ಗುಲಾಬಿ ಬಣ್ಣದ್ದಾಗಿತ್ತು ಎಂದೇ ನನ್ನ ನೆನಪು. ಮೊನ್ನೆ ಫೋನಿನಲ್ಲಿ ತಂಗಿಗೆ ಹಾಗೆಂದರೆ ಅವಳು ನಕ್ಕು, ಅದು ಕುಂಕುಮದ ಕೆಂಪು ಎಂದಳು. ಕಾಕಾನನ್ನು ಕೇಳಿದರೆ, ಆ ಬಣ್ಣಕ್ಕೆ ಬಳಿದವನೇ ಹೆಸರು ಹೇಳಿರಲಿಲ್ಲ, ನೀವಿಬ್ಬರು ಯಾಕೆ ಜಗಳಾಡುತ್ತೀರಿ ಎಂದ. ತೆಲಂಗಾಣ ಚಳವಳಿ ನಡೆಯುತ್ತಿದ್ದ ಆ ವರ್ಷಗಳಲ್ಲಿ ಅದರ ಬಣ್ಣವಾದ ಗುಲಾಬಿ ಎಲ್ಲೆಲ್ಲೂ ಇತ್ತು. ಜನರ ಕೊರಳಿನ ಶಾಲು, ರಸ್ತೆಯ ಕಟೌಟು, ಕಿರಾಣಿ ಅಂಗಡಿಯ ಶಟರು ಎಲ್ಲವೂ ಅದೇ. ಹಾಗಾಗಿ ಆ ಕಾಲದ ಯಾವುದನ್ನು ನೆನೆದರೂ ನನ್ನ ತಲೆ ಅದಕ್ಕೊಂದು ಕೋಟು ಗುಲಾಬಿ ಹಚ್ಚಿಬಿಡುತ್ತದೆಯೋ ಏನೋ. ಭೌತಶಾಸ್ತ್ರ ಓದಿದವನಿಗೆ ತನ್ನ ಕಣ್ಣನ್ನೇ ನಂಬುವುದು ಕಷ್ಟ, ಇನ್ನು ನೆನಪಿನ ಮಾತೇನು. ಆದರೆ ಬಣ್ಣ ಹೊಸದಾಗಿತ್ತು ಎಂಬುದರಲ್ಲಿ ನಮಗೆ ಮೂವರಿಗೂ ಅನುಮಾನವಿಲ್ಲ.

ನಾನಾಗ ಹೈದರಾಬಾದಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಇವತ್ತು ಬಂದ್, ನಾಳೆ ರಸ್ತೆ ತಡೆ ಎನ್ನುತ್ತಿರುವಾಗಲೇ ವಿಶ್ವವಿದ್ಯಾಲಯ ಮುಚ್ಚಿತು, ಹಾಸ್ಟೆಲು ಖಾಲಿ ಮಾಡಿಸಿದರು. ನ್ಯಾಲ್ಕಲ್ ಪಕ್ಕದ ನಮ್ಮೂರಿಗೆ ಬಂದರೆ ಮನೆಯಲ್ಲಿ ತಂಗಿಯ ಮದುವೆಯ ತಯಾರಿ. ಗಂಡಿನವರು ನಾರಾಯಣಖೇಡದ ಕಡೆಯವರು. ನಮ್ಮಲ್ಲಿ ಮದುವೆ ಗಂಡಿನ ಮನೆಯ ಮುಂದೆ. ಬಸ್ಸುಗಳನ್ನು ನಂಬುವಂತಿರಲಿಲ್ಲ, ಆದ್ದರಿಂದ ಮದುಮಗಳು ಕಾಕಾನ ಜೀಪಿನಲ್ಲಿ ಹೋಗುವುದೆಂದು ನಿರ್ಧಾರವಾಗಿತ್ತು. ಕಾಕಾ ಎಂದರೆ ಅಪ್ಪನ ತಮ್ಮ. ನ್ಯಾಲ್ಕಲ್‌ಗೂ ಜಹೀರಾಬಾದಿಗೂ ನಡುವೆ ಜನರನ್ನು ತುಂಬಿಕೊಂಡು ಜೀಪು ಓಡಿಸುವುದು ಅವನ ಕೆಲಸ.

ಎಲ್ಲವೂ ಸರಿಯಾಗಿತ್ತು, ಆಯಿಯೊಬ್ಬಳನ್ನು ಬಿಟ್ಟು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಬೀಗರ ಹಾಡು ಹಾಡುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಆಕೆಗೆ ಸಾಟಿ ಇರಲಿಲ್ಲ. ಹೆಣ್ಣಿನ ದಿಬ್ಬಣ ಗಂಡಿನ ಊರಿಗೆ ಮುಟ್ಟಿದ ಕೂಡಲೇ ಹೆಣ್ಣಿನ ಕಡೆಯ ಹಿರಿಯ ಹೆಂಗಸು ಬೀಗರನ್ನು ಹಾಡಿನಲ್ಲಿ ಬೈಯಬೇಕು. ಅವರ ಜಿಪುಣತನ, ಬೀಗಿತಿಯ ಮೂಗು, ಅವರ ಸಾರಿನಲ್ಲಿ ಬೇಳೆ ಹುಡುಕಬೇಕಾದ ಕಷ್ಟ, ಎಲ್ಲವೂ ಬರಬೇಕು. ಅದಕ್ಕೆ ಗಂಡಿನ ಕಡೆಯವರು ಹಾಡಿನಲ್ಲೇ ತಿರುಗಿ ಬೈಯಬೇಕು. ಬೈದುಕೊಂಡಷ್ಟೂ ಸಂಬಂಧ ಗಟ್ಟಿ ಎಂದು ನಂಬಿಕೆ. ಆಯಿಯ ಮಗಳಾದ ನಮ್ಮ ಅತ್ತೆಯ ಮದುವೆಯಲ್ಲಿ ಆಕೆ ತಾಂಡೂರಿನವರನ್ನು ಬೈದ ಸಾಲುಗಳನ್ನು ಅತ್ತೆಯ ಮನೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಆ ಚಳಿಗಾಲದಲ್ಲಿ ಹಿಡಿದ ಕೆಮ್ಮು ಆಯಿಯ ದನಿಯನ್ನು ತೆಗೆದುಕೊಂಡೇ ಹೋಗಿತ್ತು. ರಾಗ ಇತ್ತು, ಮಾತು ಇತ್ತು, ಆದರೆ ಪಡಸಾಲೆಯಲ್ಲಿ ಹಾಡಿದರೆ ಅಡುಗೆಮನೆಗೆ ಕೇಳಿಸುತ್ತಿರಲಿಲ್ಲ. ಸಾಲದ್ದಕ್ಕೆ ನಿಶ್ಚಯಕ್ಕೆ ಹೋಗಿದ್ದ ಅಪ್ಪ ಸುದ್ದಿ ತಂದಿದ್ದ, ಗಂಡಿನವರು ಡಿಜೆ ಹೇಳಿದ್ದಾರೆ ಎಂದು. ಲಾರಿಯಷ್ಟು ದೊಡ್ಡ ಗಾಡಿ, ಜನರೇಟರು, ಆಳೆತ್ತರದ ಸ್ಪೀಕರು. ಆಯಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ತನ್ನ ನಿರ್ಧಾರ ಹೇಳಿದಳು.

"ನಾ ಬರಂಗಿಲ್ಲ. ಅವರು ತಿರುಗಿ ಬೈಲಿಲ್ಲಂದ್ರ ನನ್ನ ಹಾಡು ಅವರಿಗೆ ಕೇಳಿಸಿಲ್ಲಂತಲೇ ತಿಳಿ. ಕೇಳಿಸದ ಹಾಡು ಹಾಡಾಕ ಅಲ್ಲಿತನ ಯಾಕ ಬರ್ಲಿ? ಇಲ್ಲೇ ಕುಂತು ಎಮ್ಮಿಗಿ ಹಾಡ್ತೀನಿ."

ತಂಗಿ ಅಷ್ಟೇ ತಣ್ಣಗೆ, ಹಾಗಾದರೆ ಎಮ್ಮೆಗೇ ಮದುವೆ ಮಾಡಿರಿ, ನಾನೂ ಹೋಗುವುದಿಲ್ಲ ಎಂದಳು. ಅವಳ ದನಿಯಲ್ಲಿ ತಮಾಷೆ ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ಆಯಿ. ಗಂಡಿನ ಊರ ಬಾಗಿಲಲ್ಲಿ ಆಯಿಯ ಹಾಡಿಲ್ಲದೆ ಇಳಿಯುವುದು ಅವಳಿಗೆ ಮದುವೆಯಾಗಿಯೇ ಕಾಣುತ್ತಿರಲಿಲ್ಲ.

ಆಗ ಕಾಕಾ ಹೇಳಿದ ಮಾತಿನಿಂದ ಎಲ್ಲ ಶುರುವಾಯಿತು. ಆಯಿಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಕೈಗೆ ಮೈಕು ಕೊಡೋಣ, ಬಾನೆಟ್ಟಿನ ಮೇಲೆ ಸ್ಪೀಕರು ಕಟ್ಟೋಣ, ಆಮೇಲೆ ಡಿಜೆ ಏನು ಮಾಡುತ್ತದೋ ನೋಡೋಣ ಎಂದ. ತಾಂಡೂರಿನ ಮಾವನಿಗೆ, ಎಂದರೆ ಅತ್ತೆಯ ಗಂಡನಿಗೆ, ಫೋನು ಹೋಯಿತು. ಅಲ್ಲಿಯ ಸಿಮೆಂಟು ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದ ಆತ ತನ್ನ ಹಳೆಯ ಕಾರು ಮಾರುವಾಗ ಒಳ್ಳೆಯ ಸ್ಪೀಕರುಗಳನ್ನು ಬಿಚ್ಚಿಟ್ಟುಕೊಂಡಿದ್ದ. ಅವಕ್ಕೆ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ ಕೊಟ್ಟ, ಜೊತೆಗೊಂದು ನುಣುಪು ತಾಂಡೂರು ಕಲ್ಲಿನ ತುಂಡನ್ನೂ ಕೊಟ್ಟ. ಆಂಪ್ಲಿಫೈಯರು ಕಾದು ಬಿಸಿಯಾಗುತ್ತದೆ, ಅದನ್ನು ಈ ಕಲ್ಲಿನ ಮೇಲೆ ಇಡಿರಿ ಎಂದ. ತಾಂಡೂರಿನವರಿಗೆ ಜಗತ್ತಿನ ಯಾವ ತೊಂದರೆಗೂ ಕಲ್ಲೇ ಪರಿಹಾರ.

ಆಂಪ್ಲಿಫೈಯರು ಕೊಳ್ಳಲು ಜಹೀರಾಬಾದಿಗೆ ನಾನೂ ಕಾಕಾನೂ ಹೋದೆವು. ಅಂಗಡಿಯವನು ಕಾಕಾನ ಹಳೆಯ ದೋಸ್ತ್, ದಖನಿ ಉರ್ದು ಮತ್ತು ಕನ್ನಡವನ್ನು ಒಂದೇ ಉಸಿರಿನಲ್ಲಿ ಆಡುವವನು. ಅವನು ಮೊದಲು ಕೆಳಗಿಳಿಸಿದ ಪೆಟ್ಟಿಗೆಯ ಮೇಲೆ ಬೆಂಕಿಯ ಚಿತ್ರ, ಅದರ ನಡುವೆ ಎರಡು ಸಾವಿರ ವಾಟ್ ಎಂಬ ಅಕ್ಷರ. ಕಾಕಾ ಅದನ್ನು ಮಗುವಿನಂತೆ ಎತ್ತಿಕೊಂಡ. ನನಗೆ ಅನುಮಾನ ಹುಟ್ಟಿತು. ಅನುಮಾನ ಪಡುವುದೇ ಆಗ ನನ್ನ ಪೂರ್ಣಾವಧಿ ಉದ್ಯೋಗ. ಡಬ್ಬಿ ತೆಗೆಸಿ ಆಂಪ್ಲಿಫೈಯರನ್ನು ತಿರುಗಿಸಿ ಅದರ ಬೆನ್ನಿನ ಫ್ಯೂಸು ನೋಡಿದೆ. ಇಪ್ಪತ್ತು ಆಂಪಿಯರು. ಜೀಪಿನ ಬ್ಯಾಟರಿ ಹನ್ನೆರಡು ವೋಲ್ಟು. ಎರಡನ್ನೂ ಗುಣಿಸಿದರೆ ಒಳಗೆ ಹೋಗುವುದೇ ಇನ್ನೂರ ನಲವತ್ತು ವಾಟ್, ಅದರಲ್ಲೂ ಅರ್ಧದಷ್ಟು ಬಿಸಿಯಾಗಿ ಹಾರಿಹೋಗುತ್ತದೆ. ಹೊರಗೆ ಎರಡು ಸಾವಿರ ಬರುವುದಾದರೆ ಅದು ಆಂಪ್ಲಿಫೈಯರಲ್ಲ, ಪವಾಡ ಎಂದೆ.

ಅಂಗಡಿಯವನು ಬೇಸರ ಮಾಡಿಕೊಳ್ಳಲಿಲ್ಲ. ಸಂತೋಷದಿಂದಲೇ ಒಪ್ಪಿಕೊಂಡ. "ಸಾಬ್, ಡಬ್ಬಾ ಗಿರಾಕಿಗಿ, ಫ್ಯೂಜು ನಿಮ್ಮಂಥೋರಿಗಿ," ಎಂದು ಒಳಗಿನಿಂದ ಇನ್ನೊಂದನ್ನು ತಂದ. ಚಿಕ್ಕದು, ಕಪ್ಪು ಡಬ್ಬಿ, ಬೆಂಕಿಯ ಚಿತ್ರವಿಲ್ಲ. ನಮ್ಮ ಸ್ಪೀಕರು ಒಂದೊಂದೂ ಬಿಡದೆ ತಡೆದುಕೊಳ್ಳುವುದು ಅರವತ್ತು ವಾಟ್ ಎಂದು ಅವುಗಳ ಬೆನ್ನಿನ ಮೇಲೇ ಬರೆದಿತ್ತು, ನಾಲ್ಕು ಓಮ್ ಎಂದೂ ಇತ್ತು. ಈ ಚಿಕ್ಕ ಆಂಪ್ಲಿಫೈಯರು ನಾಲ್ಕು ಓಮಿಗೆ ಹೆಚ್ಚುಕಮ್ಮಿ ಅಷ್ಟನ್ನೇ, ಬಿಡದೆ, ಕೊಡುತ್ತಿತ್ತು. ಹುಡುಗ ಹುಡುಗಿಯ ಜಾತಕ ಇಷ್ಟು ಕೂಡಿದರೆ ಸಾಕು ಎಂದೆ. ಕಾಕಾನ ಮುಖ ಬಾಡಿತ್ತು. ಬೀಗರು ಬಂದು ನೋಡುವುದು ಫ್ಯೂಸನ್ನಲ್ಲ ಎಂಬುದು ಅವನ ವಾದ. ಅದನ್ನು ಪೂರ್ತಿ ತಳ್ಳಿಹಾಕಲು ನನ್ನ ಬಳಿ ಸಮೀಕರಣವಿರಲಿಲ್ಲ. ಕೊನೆಗೆ ಚಿಕ್ಕದನ್ನೇ ಕೊಂಡೆವು. ಮೈಕಿನ ಸಣ್ಣ ದನಿಯನ್ನು ಆಂಪ್ಲಿಫೈಯರಿಗೆ ತಕ್ಕಷ್ಟು ಎತ್ತಿಕೊಡುವ ಅಂಗೈಯಗಲದ ಇನ್ನೊಂದು ಡಬ್ಬಿಯನ್ನೂ ಕೊಂಡೆವು. ಹೊರಡುವಾಗ ಕಾಕಾ ಅಂಗಡಿಯವನ ಕಿವಿಯಲ್ಲಿ ಏನೋ ಹೇಳಿ, ಎರಡು ಸಾವಿರ ವಾಟಿನ ಖಾಲಿ ಪೆಟ್ಟಿಗೆಯನ್ನು ಬಗಲಿಗೆ ಇರುಕಿಕೊಂಡು ಬಂದ. ಅದು ಮದುವೆ ಮುಗಿಯುವವರೆಗೂ ಜೀಪಿನ ಗಾಜಿನ ಹಿಂದೆ, ದೇವರ ಫೋಟೋದ ಪಕ್ಕ ಕೂತಿತ್ತು.

ಕರೆಂಟು ಕೊಡುವ ವಿಷಯಕ್ಕೆ ಮನೆಯಂಗಳದಲ್ಲಿ ಇನ್ನೊಂದು ಸುತ್ತು ವಾದ ನಡೆಯಿತು. ಹಾರ್ನಿನ ತಂತಿಯಿಂದಲೇ ಎಳೆದುಬಿಡೋಣ, ಹೇಗೂ ಎರಡರ ಕೆಲಸವೂ ಕೂಗುವುದೇ ಎಂದ ಕಾಕಾ. ಬೋರಿನ ನೀರನ್ನು ಸೈಕಲ್ ಟ್ಯೂಬಿನಲ್ಲಿ ಹೊಲಕ್ಕೆ ಹರಿಸಿದಂತಾಗುತ್ತದೆ ಎಂದೆ. ಅದು ಅವನಿಗೆ ತಕ್ಷಣ ನಾಟಿತು. ಬ್ಯಾಟರಿಯಿಂದ ನೇರವಾಗಿ ಬೆರಳು ದಪ್ಪದ ತಾಮ್ರದ ತಂತಿ ಎಳೆದೆವು. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸು ಹಾಕಿದೆ, ತಂತಿ ಎಲ್ಲಾದರೂ ತಗಡಿಗೆ ಉಜ್ಜಿದರೆ ಉರಿಯುವುದು ಫ್ಯೂಸಾಗಲಿ, ಮದುಮಗಳು ಕೂತ ಜೀಪಾಗದಿರಲಿ ಎಂದು. ಮುಂದಿನ ಸೀಟಿನ ಕೆಳಗೆ ತಾಂಡೂರು ಕಲ್ಲು, ಕಲ್ಲಿನ ಮೇಲೆ ಆಂಪ್ಲಿಫೈಯರು. ಅದರ ಇನ್ನೊಂದು ತಂತಿ, ಕರೆಂಟು ವಾಪಸು ಹೋಗುವ ಅರ್ಥಿಂಗು, ಸೀಟಿನ ಬುಡದ ಬೋಲ್ಟಿಗೆ. ಜೀಪಿನ ಮೈಯೆಲ್ಲ ಕಬ್ಬಿಣ, ಅದರ ಮೂಲಕವೇ ಕರೆಂಟು ಬ್ಯಾಟರಿಗೆ ಮರಳುತ್ತದೆ.

ಇಷ್ಟರಲ್ಲಿ ಅರಿಶಿನದ ದಿನ ಬಂತು. ಹೆಂಗಸರು ತಂಗಿಗೆ ಅರಿಶಿನ ಹಚ್ಚಿದರು. ಆಮೇಲೆ ಆಯಿ ಎದ್ದು ಹೋಗಿ ಜೀಪಿನ ಬಾನೆಟ್ಟಿಗೂ ನಾಲ್ಕು ಬೆರಳು ಅರಿಶಿನ ಎಳೆದಳು. ಮದುಮಗಳನ್ನು ಹೊತ್ತೊಯ್ಯುವ ಗಾಡಿಯೂ ಮದುಮಗಳಂತೆಯೇ, ಇನ್ನು ಮದುವೆ ಮುಗಿಯುವವರೆಗೆ ಅದಕ್ಕೆ ಕಬ್ಬಿಣ ತಾಗಿಸಬಾರದು ಎಂದಳು. ಅಜ್ಜನ ಕಾಲದಲ್ಲಿ ಈ ಶಾಸ್ತ್ರ ಎತ್ತಿನ ಗಾಡಿಗೆ ಇತ್ತಂತೆ, ಸುತ್ತಿಗೆ ಕೊಡಲಿ ತಾಗಿಸುತ್ತಿರಲಿಲ್ಲವಂತೆ. ಇಡೀ ಮೈ ಕಬ್ಬಿಣವೇ ಆಗಿರುವ ವಸ್ತುವಿಗೆ ಕಬ್ಬಿಣ ತಾಗಿಸದಿರುವುದು ಹೇಗೆಂದು ನಾನು ಕೇಳಿದೆ.

ಅರಿಶಿನ ಹಚ್ಚಿದ ಮೇಲೇ ನಾವು ಮೊದಲ ಸಲ ಮೈಕು ಹಚ್ಚಿ ನೋಡಿದ್ದು. ಅದೇ ನಮ್ಮ ತಪ್ಪು. ಆಯಿ ಸೀಟಿನಲ್ಲಿ ಕೂತು ಸೆರಗು ಸರಿ ಮಾಡಿಕೊಂಡು ಶುರು ಮಾಡಿದಳು. ಸ್ಪೀಕರಿನಿಂದ ಮೊದಲ ಅಕ್ಷರ ಬಂತು, ಎರಡನೆಯದು ಬರಲಿಲ್ಲ. ಆಂಪ್ಲಿಫೈಯರಿನ ದೀಪ ಆರಿತು, ಹತ್ತಿತು, ಮತ್ತೆ ಆರಿತು. ಕಾಕಾ ಇಂಜಿನು ಶುರು ಮಾಡಿದರೆ ಹಾಡಿನ ಬದಲು ಒಂದು ಕೀರಲು ಶಬ್ದ, ಆಕ್ಸಿಲರೇಟರು ಒತ್ತಿದಂತೆ ಏರುತ್ತ ಇಳಿಯುತ್ತ ಅಂಗಳವನ್ನೆಲ್ಲ ತುಂಬಿತು. ಓಣಿಯ ನಾಯಿಗಳು ಉತ್ತರ ಕೊಟ್ಟವು.

"ಎರಡು ಸಾವಿರದ್ದು ತರೂಣು ಅಂದಿದ್ನಿ," ಎಂದ ಕಾಕಾ. "ಪ್ರೊಫೆಸರ್ ಸಾಬರು ಫ್ಯೂಜು ನೋಡಿದ್ರು."

ಆಯಿ ಮೈಕನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನ ತುದಿಯಿಂದ ಒರೆಸುತ್ತ ಕೂತಳು. ಇಷ್ಟು ದಿನ ಬರುವುದಿಲ್ಲ ಎನ್ನುತ್ತಿದ್ದವಳು ಒಳಗೊಳಗೆ ಎಷ್ಟು ಆಸೆ ಇಟ್ಟುಕೊಂಡಿದ್ದಳೆಂದು ನನಗೆ ತಿಳಿದದ್ದು ಆಗ.

ಮುಂದಿನದರ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ನನ್ನ ನೆನಪಿನ ಪ್ರಕಾರ ತಪ್ಪನ್ನು ಹಿಡಿದವನು ನಾನು. ವೋಲ್ಟು ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ಆಂಪ್ಲಿಫೈಯರಿನ ಅರ್ಥಿಂಗಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟೆ. ಎರಡೂ ಒಂದೇ ಆಗಿದ್ದರೆ ಮುಳ್ಳು ಸೊನ್ನೆಯ ಮೇಲೆ ಕೂರಬೇಕು. ಅದು ಕುಣಿಯುತ್ತಿತ್ತು. ಎಂದರೆ ಕರೆಂಟಿಗೆ ವಾಪಸು ಹೋಗಲು ಸರಿಯಾದ ದಾರಿಯಿಲ್ಲ. ತಂಗಿಯ ಪ್ರಕಾರ ನಾನು ಮೀಟರು ಹುಡುಕುತ್ತಿರುವಾಗಲೇ ಅವಳು, ಕಾಕಾ ಬೋಲ್ಟಿಗೂ ಬಣ್ಣ ಹಚ್ಚಿಸಿದ್ದಾನಲ್ಲ ಎಂದಿದ್ದಳು. ಕಾಕಾನ ಪ್ರಕಾರ ಅದು ಅವನಿಗೆ ಮೊದಲೇ ಗೊತ್ತಿತ್ತು, ನಾವು ಕೇಳಲಿಲ್ಲ. ಅವಳ ಮಾತು ಮೊದಲು ಬಂದು, ಅದನ್ನು ಕೇಳಿಯೇ ನಾನು ಮೀಟರನ್ನು ಅಲ್ಲಿಗೆ ಒಯ್ದಿದ್ದರೂ ಒಯ್ದಿರಬಹುದು. ಮುಳ್ಳು ಕುಣಿದದ್ದಂತೂ ನನಗೆ ಕಂಡಂತಿದೆ.

ಬಣ್ಣವೇ ಕಾರಣ ಎಂಬುದರಲ್ಲಿ ಮಾತ್ರ ವಿವಾದವಿಲ್ಲ. ಮದುವೆಗೆಂದು ಬಣ್ಣ ಹಚ್ಚಿಸುವಾಗ ಕಾಕಾ ಬೆರಳಗಲ ಜಾಗವನ್ನೂ ಬಿಡಬಾರದೆಂದು ಹೇಳಿದ್ದ. ಸೀಟಿನ ಕೆಳಗಿನ ಬೋಲ್ಟು, ಅದರ ಸುತ್ತಲಿನ ತಗಡು ಎಲ್ಲಕ್ಕೂ ದಪ್ಪನೆಯ ಎರಡು ಕೋಟು. ಬಣ್ಣದ ಮೂಲಕ ಕರೆಂಟು ಹೋಗುವುದಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಹೆರೆದರೆ ಕೆಲಸ ಮುಗಿಯಿತು. ನಾನು ಚಾಕು ತೆಗೆದೆ, ಕಾಕಾ ನನ್ನ ಕೈ ಹಿಡಿದ. ಅರಿಶಿನ ಹಚ್ಚಿದ ಗಾಡಿಗೆ ಕಬ್ಬಿಣ ತಾಗಿಸಿ, ನಾಳೆ ದಾರಿಯಲ್ಲಿ ಏನಾದರೂ ಆದರೆ ಮದುಮಗಳ ಮುಂದೆ ಮುಖ ತೋರಿಸುವುದು ಹೇಗೆ? ಅಪ್ಪನೂ ಅವನ ಕಡೆಗೆ ವಾಲಿದ. ನಾನು ಓಮನ ನಿಯಮ ಹೇಳಿದೆ, ಅವರು ಆಯಿಯ ನಿಯಮ ಹೇಳಿದರು. ಎರಡೂ ಮುರಿಯುವ ಜಾತಿಯವಲ್ಲ.

ಆಯಿ ಎಲ್ಲವನ್ನೂ ಕೇಳಿಸಿಕೊಂಡು ಸೀಟಿನಿಂದ ಇಳಿದಳು. ಒಳಗೆ ಹೋಗಿ ಬರುವಾಗ ಅವಳ ಕೈಯಲ್ಲಿ ಹಿತ್ತಾಳೆಯ ಸೌಟು ಇತ್ತು, ಸಾರು ಬಡಿಸಿ ಬಡಿಸಿ ಒಂದು ಅಂಚು ಹರಿತವಾದದ್ದು.

"ಕಬ್ಬಿಣ ಹಚ್ಚಬ್ಯಾಡ್ರಿ ಅಂದಿದ್ನಿ. ಹಿತ್ತಾಳಿಗಿ ಬ್ಯಾಡ ಅಂದಿದ್ನೇನು?"

ಮೊದಲ ಗೆರೆಯನ್ನು ಅವಳೇ ಎಳೆದಳು. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಸಿಪ್ಪೆಯಂತೆ ಎದ್ದು ಬಂತು. ಕಾಕಾ ಮುಖ ಆಚೆ ತಿರುಗಿಸಿಕೊಂಡ. ಬೆಳ್ಳಗೆ ತಗಡು ಹೊಳೆಯುವವರೆಗೆ ನಾನು ಹೆರೆದೆ, ತಂತಿಯನ್ನು ಬಿಗಿದೆ. ಬಿಗಿಯಲು ಬಳಸಿದ ಪಾನಾ ಕಬ್ಬಿಣದ್ದು ಎಂಬುದನ್ನು ಯಾರೂ ಗಮನಿಸಲಿಲ್ಲ, ಅಥವಾ ಎಲ್ಲರೂ ಗಮನಿಸಿ ಸುಮ್ಮನಿದ್ದರು. ಆಯಿ ಮೈಕು ಹಿಡಿದು ಒಂದು ಸಾಲು ಹಾಡಿದಳು. ಆ ದನಿ ಅಂಗಳ ದಾಟಿ, ಓಣಿ ದಾಟಿ, ಕೆಳಗಿನ ಹೊಲಕ್ಕೆ ಹೋಯಿತು. ತೊಗರಿಯ ಹೊಲದಿಂದ ಯಾರೋ ಹೆಂಗಸು ನಿಂತು ತಿರುಗಿ ನೋಡಿದಳು. ಆಯಿ ತಾನೇ ಬೆಚ್ಚಿ ಮೈಕನ್ನು ದೂರ ಹಿಡಿದು, ಅದರೊಳಗೆ ಯಾರೋ ಇದ್ದಾರೆಂಬಂತೆ ನೋಡಿ, ಮತ್ತೆ ಹತ್ತಿರ ತಂದಳು.

ಮದುವೆಗೆ ಹೊರಟ ದಿನ ನಾರಾಯಣಖೇಡದ ದಾರಿಯಲ್ಲಿ ರಸ್ತೆ ತಡೆ ಇತ್ತು. ರಸ್ತೆಯ ನಡುವೆ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಉಣ್ಣುವುದು ಆ ಚಳವಳಿಯ ರೀತಿಗಳಲ್ಲಿ ಒಂದಾಗಿತ್ತು. ನಮ್ಮ ಜೀಪಿನ ಮುಂದೆ ದೊಡ್ಡ ಹಂಡೆಯಲ್ಲಿ ಅನ್ನ ಕುದಿಯುತ್ತಿತ್ತು. ಮದುಮಗಳನ್ನು ನೋಡಿದ ಕೂಡಲೇ ದಾರಿ ಬಿಡಲು ಒಪ್ಪಿದರು, ಆದರೆ ಉಂಡೇ ಹೋಗಬೇಕೆಂದರು. ಜೀಪು ಗುಲಾಬಿಯಾಗಿದ್ದರೆ ಅವರು ಅದರ ಬಗ್ಗೆ ಏನಾದರೂ ಹೇಳಬೇಕಿತ್ತಲ್ಲ ಎಂದು ಈಗ ಅನಿಸುತ್ತದೆ. ಹೇಳಿದ ನೆನಪಿಲ್ಲ. ತಂಗಿಯೇ ಸರಿ ಇರಬೇಕು. ಬಾನೆಟ್ಟಿನ ಸ್ಪೀಕರು ನೋಡಿ ಒಬ್ಬರು ಏನಿದು ಎಂದು ತೆಲುಗಿನಲ್ಲಿ ಕೇಳಿದರು. ಆಯಿಗೆ ಅಷ್ಟು ಸಾಕಾಯಿತು. ಉಂಡ ಋಣಕ್ಕೆ ಎಂದು ಮೈಕು ಹಿಡಿದಳು. ಅವರಿಗೆ ಕನ್ನಡ ಎಷ್ಟು ತಿಳಿಯಿತೋ, ಬೈಗುಳದ ರಾಗ ಮಾತ್ರ ಎಲ್ಲ ಭಾಷೆಗಳಿಗೂ ಒಂದೇ. ಹೆಂಗಸರು ಚಪ್ಪಾಳೆಯ ತಾಳ ಹಿಡಿದರು, ಇನ್ನೊಂದು, ಇನ್ನೊಂದು ಎಂದರು.

ಕಾಕಾ ಡೀಸೆಲ್ ಉಳಿಸಲು ಇಂಜಿನು ಆರಿಸಿದ್ದ. ಇಂಜಿನು ತಿರುಗುತ್ತಿದ್ದರೆ ಅದು ಬ್ಯಾಟರಿಯನ್ನು ತುಂಬಿಸುತ್ತಿರುತ್ತದೆ, ನಿಂತರೆ ಆಂಪ್ಲಿಫೈಯರು ಬ್ಯಾಟರಿಯನ್ನೇ ಕುಡಿಯುತ್ತದೆ. ನಮ್ಮ ಬ್ಯಾಟರಿ ಮೊದಲೇ ಹಳೆಯದು. ಇದನ್ನು ನಾನು ಹೇಳಬೇಕಿತ್ತು, ಆದರೆ ನನ್ನ ಎಲೆಯ ಮೇಲೆ ಆಗಷ್ಟೇ ಬಿಸಿ ಅನ್ನ ಬಿದ್ದಿತ್ತು. ಊಟ ಮುಗಿದು ಕಾಕಾ ಕೀಲಿ ತಿರುಗಿಸಿದರೆ ಜೀಪು ಮುದುಕನಂತೆ ಒಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು.

ರಸ್ತೆ ತಡೆದವರೇ ಜೀಪನ್ನು ತಳ್ಳಿದರು. ಮದುಮಗಳು ಒಳಗೆ, ಆಯಿ ಮುಂದೆ, ಹಿಂದೆ ಚಳವಳಿಯ ಜನ. ಒಬ್ಬ ಜೈ ಎಂದರೆ ಉಳಿದವರು ತೆಲಂಗಾಣ ಎನ್ನುತ್ತ ಒಂದೇ ಸಲಕ್ಕೆ ನೂಕಿದರು. ತಂಗಿ ಬಾಸಿಂಗ ಬೀಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದಳು. ನಾನೂ ನೂಕುತ್ತಿದ್ದೆ, ಜೈಕಾರಕ್ಕೆ ದನಿಗೂಡಿಸಿದೆನೋ ಇಲ್ಲವೋ ನೆನಪಿಲ್ಲ. ಕಾಕಾ ಕ್ಲಚ್ಚು ಬಿಟ್ಟ, ಇಂಜಿನು ಗರ್ಜಿಸಿತು, ಎಲ್ಲರ ಮೇಲೂ ಕಪ್ಪು ಹೊಗೆ ಬಂತು. ಇನ್ನು ಗಂಡಿನ ಮನೆ ಮುಟ್ಟುವವರೆಗೆ ಏನೇ ಆದರೂ ಇಂಜಿನು ಆರಿಸಬೇಡ ಎಂದು ನಾನು ಕಾಕಾನಿಗೆ ಕೂಗಿ ಹೇಳಿದೆ. ಆ ದಿನ ಅವನು ಒಪ್ಪಿದ ನನ್ನ ಒಂದೇ ಮಾತು ಅದು.

ಗಂಡಿನ ಊರ ಬಾಗಿಲಿಗೆ ಬಂದಾಗ ಡಿಜೆ ನಡೆದಿತ್ತು. ನೆಲ ಅದುರುತ್ತಿತ್ತು ಎಂದು ಬರೆಯಲು ಮನಸ್ಸಾಗುತ್ತಿದೆ. ಅದುರಿದ್ದು ನೆಲವೋ ನಮ್ಮ ಹಳೆಯ ಜೀಪೋ ಹೇಳಲಾರೆ. ಆಯಿ ನನ್ನ ಕಡೆ ನೋಡಿದಳು. ನಾನು ಗುಂಡಿ ತಿರುಗಿಸಿದೆ, ಸ್ಪೀಕರು ಒಡಕು ದನಿ ಮಾಡುವ ತುಸು ಮುಂಚೆ ನಿಲ್ಲಿಸಿದೆ. ಇಂಜಿನು ಓಡುತ್ತಿತ್ತು, ಬ್ಯಾಟರಿಗೆ ಜೀವ ಬಂದಿತ್ತು. ಆಯಿ ಡಿಜೆಯ ಎರಡು ಹಾಡುಗಳ ನಡುವಿನ ಸಂದಿಗಾಗಿ ಕಾದಳು. ಅದು ನಾನು ಹೇಳಿಕೊಟ್ಟದ್ದಲ್ಲ. ಸಂದಿ ಸಿಕ್ಕ ಕ್ಷಣವೇ ನುಗ್ಗಿದಳು:

"ಬೀಗರ ಮನಿಯಾಗ ಬೆಲ್ಲಕ್ಕ ಕೀಲಿ ಹಾಕ್ಯಾರ,
ಇರುವಿ ಬಂದ್ರ ಸೈತ ಯಾರ ಕಡೇದು ಕೇಳ್ಯಾರ..."

ಮುಂದಿನ ಹಾಡು ಹಚ್ಚಲು ಹೋದ ಡಿಜೆಯವನು ಕೈ ತಡೆದ. ಯಾರೋ ತಡೆದರೋ ಅವನೇ ತಡೆದನೋ ತಿಳಿಯದು. ಮನೆಮನೆಯಿಂದ ಹೆಂಗಸರು ಹೊರಗೆ ಬಂದರು. ಆಯಿ ಇನ್ನೊಂದು ಸಾಲು ಹಾಡಿದಳು, ಬೀಗಿತಿಯ ಸಾರಿನದು. ಮತ್ತೊಂದು ಹಾಡಿದಳು. ನಗು ಕೇಳಿಸುತ್ತಿತ್ತು, ಆದರೆ ಉತ್ತರ ಬರಲಿಲ್ಲ. ಆಯಿ ನಿಲ್ಲಿಸಿ ಕಾದಳು. ಅವಳ ಹೆಬ್ಬೆರಳು ಮೈಕಿನ ಮೇಲೆ ಬಿಗಿಯಾಗಿತ್ತು. ತಂಗಿ ಹಿಂದಿನ ಸೀಟಿನಿಂದ ಬಗ್ಗಿ ನೋಡುತ್ತಿದ್ದಳು.

ಗಂಡಿನ ತಾಯಿ ಆರತಿಯ ತಾಟನ್ನು ಪಕ್ಕದವಳ ಕೈಗೆ ಕೊಟ್ಟು ನೇರ ಜೀಪಿನ ಬಳಿ ಬಂದಳು. ನಮ್ಮೆಲ್ಲರಿಗಿಂತ ಎತ್ತರದ ಹೆಂಗಸು. ಗಾಜಿನ ಹಿಂದಿನ ಖಾಲಿ ಪೆಟ್ಟಿಗೆ ನೋಡಿದಳು, ಸ್ಪೀಕರು ನೋಡಿದಳು, ಆಯಿಯನ್ನು ನೋಡಿದಳು. ಆಮೇಲೆ ಕೈ ಚಾಚಿದಳು.

"ಕೊಡ್ರಿ ಇಲ್ಲಿ. ನೀವೊಬ್ರೇ ಹಾಡಾಕ ಬಂದೀರೇನು?"

ಆಯಿ ಎರಡೂ ಕೈಯಿಂದ, ತಾಂಬೂಲ ಕೊಡುವಂತೆ, ಮೈಕು ಕೊಟ್ಟಳು. ಬೀಗಿತಿ ಅದನ್ನು ಬಾಯಿಗೆ ಹಚ್ಚಿಕೊಂಡು ಶುರು ಮಾಡಿದಳು:

"ಬೆಲ್ಲ ಬೇಡಾಕ ಬಂದಾಕಿ ಪೆಟಗಿ ಕಟಗೊಂಡು ಬಂದಾಳ,
ಹಲ್ಲಿಲ್ಲದ ಬಾಯಿಗಿ ಕರೆಂಟ ಹಚಗೊಂಡು ಬಂದಾಳ..."

ಇಡೀ ಊರು ನಕ್ಕಿತು. ಸಾಲುಗಳು ಹೀಗೆಯೇ ಇದ್ದವೇ ಎಂದು ನೀವು ಕೇಳಿದರೆ ಪ್ರಮಾಣ ಮಾಡಲಾರೆ, ಹಾಡಿ ಹಾಡಿ ನಮ್ಮ ಮನೆಯವರು ಅವನ್ನು ನುಣುಪು ಮಾಡಿರಬಹುದು. ಆಯಿಯ ಮುಖ ಮಾತ್ರ ಯಾರೂ ತಿದ್ದದೆ ಹಾಗೇ ಉಳಿದಿದೆ. ಅವಳಿಗಾಗಿ ಇಷ್ಟೆಲ್ಲ ಜಗಳವಾಡಿ ಆರಿಸಿ, ಸೌಟಿನಿಂದ ಹೆರೆದು ಕರೆಂಟು ಕೊಟ್ಟ ಆಂಪ್ಲಿಫೈಯರು ಈಗ ಅವಳನ್ನೇ ಗಟ್ಟಿಯಾಗಿ ಬೈಯುತ್ತಿತ್ತು. ಅವಳು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಗುತ್ತ, ನನ್ನ ತೋಳು ಹಿಡಿದು ಎಳೆದಳು.

"ಯಪ್ಪಾ, ಇನ್ನಷ್ಟು ಏರ್ಸೋ. ಅಕಿ ಬೈಯೋದು ನ್ಯಾಲ್ಕಲ್‌ತನ ಕೇಳ್ಬೇಕು."

ಇನ್ನು ಏರಿಸಿದರೆ ಸ್ಪೀಕರಿನ ಕಾಗದ ಹರಿಯುತ್ತದೆ ಎಂದು ನನಗೆ ಗೊತ್ತಿತ್ತು. ಏರಿಸಿದೆ. ಹರಿಯಲಿಲ್ಲ.